ಮೆಡಿಕಲ್ ಸೀಟಿಗೆ ಮುಂಚೆ ನಾನು ಮಾಡಿಕೊಂಡ ಪರಿಚಯಗಳು

ಮನೆಯಲ್ಲಾಗಲಿ ನೆಂಟರಲ್ಲಾಗಲಿ ಡಾಕ್ಟರಾದವರು ಒಬ್ಬರೂ ಇಲ್ಲ. ನೀಟ್ ಕೋಚಿಂಗ್‌ನಲ್ಲಿ 720 ಅಂಕದ ಲೆಕ್ಕ ಬಿಟ್ಟರೆ ಬೇರೆ ಮಾತಿಲ್ಲ. ಈ ವೃತ್ತಿಯಲ್ಲಿರುವವರ ಪರಿಚಯ ಬೇಕು ಅಂದಾಗ ಎಲ್ಲರೂ ಪೇಟೆಯ ದೊಡ್ಡ ಡಾಕ್ಟರ ಹೆಸರೇ ಹೇಳಿದರು. ನಾನು ಹೋಗಿದ್ದು ಹೋಬಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅದೂ ಗುರುವಾರ.

ಗುರುವಾರ ಲಸಿಕೆ ದಿನ. ಕೂಸು ಎತ್ತಿಕೊಂಡ ತಾಯಂದಿರ ಸಾಲು ಬಾಗಿಲಾಚೆಗೂ ಇರುತ್ತದೆ, ಸಿಸ್ಟರಿಗೆ ತಲೆ ಎತ್ತಲೂ ಪುರುಸೊತ್ತಿಲ್ಲ. ನಮ್ಮ ಬೀದಿಯ ಆರೋಗ್ಯ ಕಾರ್ಯಕರ್ತೆ ಆಶಾ ಅಕ್ಕನ ಜೊತೆ ಹೋಗಿ, "ಸಿಸ್ಟರ್, ಸಾಲು ನಾನು ನೋಡ್ಕೊಳ್ಲಾ?" ಅಂದೆ.

"ನಿಂಗೇನಮ್ಮ ಬೇರೆ ಕೆಲ್ಸ ಇಲ್ವಾ?"

"ನೀಟ್ ಬರೀತಿದೀನಿ."

"ಹಂಗಾದ್ರೆ ಮನೇಲಿ ಕೂತು ಓದು" ಅನ್ನುತ್ತಲೇ ತಾಯಿ ಕಾರ್ಡುಗಳ ಕಟ್ಟನ್ನು ನನ್ನ ಕೈಗಿಟ್ಟರು.

ಆಮೇಲೆ ಬಿಡುವಾದ ಗುರುವಾರಗಳಲ್ಲೆಲ್ಲ ಹೋದೆ. ಹೆಸರು ಕರೆಯುವುದು, ಸಾಲು ಕೂರಿಸುವುದು, ಅಷ್ಟೇ. ಸಿರಿಂಜ್ ಮುಟ್ಟಲಿಲ್ಲ, ಫೋಟೋ ತೆಗೆಯಲಿಲ್ಲ. ಒಮ್ಮೆ ಸಿಸ್ಟರ್ ಲಸಿಕೆ ಸೀಸೆಯ ಲೇಬಲ್ ತೋರಿಸಿದರು. ನೇರಳೆ ವೃತ್ತದೊಳಗೆ ಬಿಳಿ ಚೌಕ. ಶಾಖ ತಗುಲಿದಷ್ಟೂ ಚೌಕ ಗಾಢವಾಗುತ್ತ ಹೋಗುತ್ತದೆ, ವೃತ್ತದ ಬಣ್ಣಕ್ಕೆ ಸಮನಾಯಿತೋ ಸೀಸೆ ಬಳಸುವ ಹಾಗಿಲ್ಲ. ಲಸಿಕೆಯನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು ಅಂತ ಓದಿದ್ದೆ. ಕರೆಂಟು ಹೋಗುವ ಊರಲ್ಲಿ ಅದನ್ನು ಕಾಯುವ ಕಷ್ಟ ಅಲ್ಲೇ ಗೊತ್ತಾಗಿದ್ದು.

ವೈದ್ಯಾಧಿಕಾರಿಗೆ ನನ್ನನ್ನು ಪರಿಚಯಿಸಿದ್ದೂ ಸಿಸ್ಟರೇ. "ಸರ್, ಗೈಡ್ ಮಾಡಿ" ಅಂದರೆ ಯಾರಿಗೂ ಉತ್ತರ ಹೊಳೆಯುವುದಿಲ್ಲ. ಅದಕ್ಕೆ ಒಂದೇ ಪ್ರಶ್ನೆ ಕೇಳಿದೆ: "ಸರ್ಕಾರಿ ಕಾಲೇಜಲ್ಲಿ ಈಗ ಓದ್ತಿರೋರು ಯಾರಾದ್ರೂ ಗೊತ್ತಾ ಸರ್?" ಅವರು ಹುಡುಗಿಯೊಬ್ಬಳನ್ನು ಕೇಳಿ, ಅವಳು ಒಪ್ಪಿದ ಮೇಲೆ ನಂಬರ್ ಕೊಟ್ಟರು.

ಆ ವಿದ್ಯಾರ್ಥಿನಿ ಅಕ್ಕನಿಂದ ಆದ ಉಪಕಾರ ದೊಡ್ಡ ಡಾಕ್ಟರಿಂದ ಆಗುತ್ತಿರಲಿಲ್ಲ. ಹಳ್ಳಿ ಶಾಲೆಯಲ್ಲಿ 1ರಿಂದ 10ರವರೆಗೆ ಕನ್ನಡದಲ್ಲಿ ಓದಿದವರಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟು ಹಂಚಿಕೆಯಲ್ಲಿ ಗ್ರಾಮೀಣ ಮೀಸಲಾತಿ ಶೇ. 15, ಕನ್ನಡ ಮಾಧ್ಯಮದ್ದು ಶೇ. 5 ಇದೆ. ಅದಕ್ಕೆ ಬೇಕಾದ ವ್ಯಾಸಂಗ ಪ್ರಮಾಣಪತ್ರಕ್ಕೆ ಹೆಡ್‌ಮಾಸ್ಟರ್ ಸಹಿಯ ಜೊತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿಯೂ ಬೇಕು. "ಬೇಸಿಗೆ ರಜಕ್ಕೆ ಮುಂಚೆ ಮಾಡಿಸ್ಕೋ, ಆಮೇಲೆ ಹೆಡ್‌ಮಾಸ್ಟರ್ ಸಿಗಲ್ಲ" ಅಂದಳು. ಮಾಡಿಸಿಟ್ಟುಕೊಂಡೆ.

ವೃತ್ತಿ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಖಾತೆಯನ್ನೂ ತೆರೆದಿದ್ದೆ. ಪಿಯುಸಿ ಹುಡುಗಿಗೆ ಅದರಿಂದ ನಯಾಪೈಸೆ ಪ್ರಯೋಜನವಿಲ್ಲ.

ಸೀಟು ಸಿಕ್ಕಿತು ಅಂತ ಈ ನಾಲ್ವರ ಸಂಪರ್ಕ ಬಿಟ್ಟಿಲ್ಲ. ಎಂಬಿಬಿಎಸ್ ಮೊದಲ ವರ್ಷದಲ್ಲೇ ನಮಗೆ ಹಳ್ಳಿಯ ಒಂದಷ್ಟು ಕುಟುಂಬಗಳನ್ನು ಹಂಚುತ್ತಾರೆ. ಮನೆಗೆ ಹೋಗಿ ಅವರ ಆರೋಗ್ಯ ವಿಚಾರಿಸುತ್ತಿರಬೇಕು. ಹೊರಡುವ ಮುಂಚೆ ಆಶಾ ಅಕ್ಕನಿಗೆ ಫೋನ್ ಮಾಡಿ, ಏನಂತ ಮಾತು ಶುರು ಮಾಡಲಿ ಅಂದೆ. "ಹೋದ್ ತಕ್ಷಣ ಬಿಪಿ, ಶುಗರ್ ಅನ್ಬೇಡ ಮಾರಾಯ್ತಿ. ಅಡ್ಗೆ ಆಯ್ತಾ ಕೇಳು, ಆಮೇಲೆ ಅತ್ತೆಯವರ ಮಂಡಿ ನೋವು ಹೆಂಗಿದೆ ಅನ್ನು" ಅಂದರು. ಅತ್ತೆ ಅರ್ಧ ಗಂಟೆ ಮಾತಾಡಿದರು.