ಬಲ ಮಣಿಕಟ್ಟು ಮುರಿದ ಮೇಲೆ ಫ್ಲೈ ಗಾಳ: ಆ ಹನ್ನೆರಡು ವಾರ

ಫ್ಲೈ ಗಾಳ ಹಾಕುವವರ ಬಲಗೈಗೆ ಪೆಟ್ಟಾದರೆ ಎಲ್ಲರೂ ಮೊದಲು ಕೇಳುವುದು, ಎಡಗೈಯಲ್ಲಿ ಬೀಸೋಕೆ ಬರುತ್ತಾ ಅಂತ. ಬರುತ್ತೆ, ಹತ್ತು ದಿನದ ಅಭ್ಯಾಸ ಸಾಕು. ಕಷ್ಟ ಇರೋದು ಬೇರೆ ಕಡೆ. ನಮ್ಮೂರಿನ ಗಾಳದಲ್ಲಿ ಸೀಸದ ಗುಂಡು ದಾರವನ್ನು ದೂರ ಒಯ್ಯುತ್ತದೆ. ಇಲ್ಲಿ ಫ್ಲೈಗೆ, ಅಂದರೆ ಕೊಕ್ಕೆಗೆ ದಾರ, ಗರಿ ಸುತ್ತಿ ಮಾಡಿದ ನಕಲಿ ಹುಳುವಿಗೆ, ತೂಕವೇ ಇಲ್ಲ, ದಪ್ಪ ಲೈನಿನ ತೂಕವೇ ಅದನ್ನು ಒಯ್ಯಬೇಕು. ಹಾಗಾಗಿ ಒಂದು ಕೈ ಕೋಲಿಗೆ, ಇನ್ನೊಂದು ಕೈ ಲೈನಿಗೆ. ಲೈನ್ ಬಿಡುವುದು, ಸಡಿಲವಾದದ್ದನ್ನು ಎಳೆದುಕೊಳ್ಳುವುದು, ಗಂಟು ಹಾಕುವುದು, ಬಲೆ ಚಾಚುವುದು ಎಲ್ಲವೂ ಆ ಎರಡನೇ ಕೈಯ ಕೆಲಸ. ಪೆಟ್ಟು ಯಾವ ಕೈಗೇ ಬಿದ್ದಿರಲಿ, ನಾವು ಕಳೆದುಕೊಳ್ಳುವುದು ಈ ಎರಡನೇ ಕೈಯನ್ನು. ಸಿದ್ಧತೆಯೆಲ್ಲ ಅದಕ್ಕೇ ಆಗಬೇಕು.

ನನಗೆ ಮುರಿದದ್ದು ಬಲ ಮಣಿಕಟ್ಟಿನ ಹತ್ತಿರ ರೇಡಿಯಸ್ ಮೂಳೆಯ ತುದಿ. ಅಂಗೈ ಊರಿ ಬಿದ್ದವರಿಗೆ ಸಾಮಾನ್ಯವಾಗಿ ಮುರಿಯುವುದು ಅದೇ. ಜಾಗ ಪೆನ್ಸಿಲ್ವೇನಿಯಾದ ಸ್ಪ್ರಿಂಗ್ ಕ್ರೀಕ್, ಕಾಲ ಮೇ ತಿಂಗಳ ಕೊನೆ. ಮುಂಗಾರಿಗೆ ನಮ್ಮಲ್ಲಿ ಈಸಲು ಏಳುವ ಹಾಗೆ ಅಲ್ಲಿ ಸಂಜೆ ಹೊತ್ತು ಸಲ್ಫರ್ ಎಂಬ ಹಳದಿ ಹುಳು ನೀರಿನಿಂದ ಏಳುವ ವಾರಗಳು ಅವು. ಸುಣ್ಣಕಲ್ಲಿನ ಒರತೆಗಳಿಂದ ಹರಿದುಬರುವ ಹೊಳೆ, ಬಂಡೆಯ ಮೇಲೆ ಪಾಚಿ.

ಮೊದಲ ಅರ್ಧ ಗಂಟೆಯಲ್ಲಿ ಮಾಡಬೇಕಾದದ್ದು ಇಷ್ಟು. ಉಂಗುರ, ಗಡಿಯಾರವನ್ನು ತಕ್ಷಣ ತೆಗೆಯಿರಿ, ಊತ ಬಂದ ಮೇಲೆ ಬರುವುದಿಲ್ಲ. ವಕ್ರವಾದದ್ದನ್ನು ನೆಟ್ಟಗೆ ಮಾಡಲು ಹೋಗಬೇಡಿ. ಮಡಚಿದ ದಪ್ಪ ಪತ್ರಿಕೆಯನ್ನೋ ಕೋಲಿನ ಬಟ್ಟೆಚೀಲವನ್ನೋ ಮುಂಗೈ ಕೆಳಗಿಟ್ಟು, ಮುರಿದ ಜಾಗದ ಮೇಲೂ ಕೆಳಗೂ ಸಡಿಲವಾಗಿ ಕಟ್ಟಿ, ಕೈಯನ್ನು ಎದೆಗಿಂತ ಮೇಲೆ ಹಿಡಿಯಿರಿ. ಆಮೇಲೆ ಬೆರಳಿನ ಉಗುರು ಒತ್ತಿ ಬಿಡಿ: 2 ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಮರಳದಿದ್ದರೆ, ಅಥವಾ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದಿದ್ದರೆ ಕೋಲು ಬಿಚ್ಚುತ್ತಾ ಕೂರಬೇಡಿ, ಅದು ತುರ್ತು. ಮಂಜುಗಡ್ಡೆ ಸಿಕ್ಕಿದರೆ ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಬಹುದು, ನೇರ ಚರ್ಮಕ್ಕೆ ತಾಗಿಸಬಾರದು.

ಪ್ಲಾಸ್ಟರ್ ಇದ್ದದ್ದು ಆರು ವಾರ. ಮೊದಲ ಎರಡು ವಾರ ವಾರಕ್ಕೊಂದು ಎಕ್ಸ್‌ರೇ, ಏಕೆಂದರೆ ಕೂಡಿಸಿದ ಮೂಳೆ ಜಾರುವುದಿದ್ದರೆ ಹೆಚ್ಚಾಗಿ ಆಗಲೇ. ಈ ಕಾಲದಲ್ಲಿ ಗಾಳದವರು ನಿರ್ಲಕ್ಷ್ಯ ಮಾಡಬಾರದ್ದು ಬೆರಳುಗಳು. ಪ್ಲಾಸ್ಟರ್ ಅಂಗೈ ಗೆರೆಗಿಂತ ಮುಂದೆ ಬರದಿದ್ದರೆ ಬೆರಳು ಪೂರ್ತಿ ಮಡಚಬಹುದು. ಎಚ್ಚರ ಇರುವಷ್ಟು ಹೊತ್ತು ಗಂಟೆಗೊಮ್ಮೆ ಮುಷ್ಟಿ ಕಟ್ಟಿ ಬಿಚ್ಚುವುದು ಹತ್ತು ಸಲ, ಹೆಬ್ಬೆರಳನ್ನು ಒಂದೊಂದು ಬೆರಳ ತುದಿಗೂ ತಾಗಿಸುವುದು ಹತ್ತು ಸಲ, ಮೊಣಕೈ ಭುಜ ಪೂರ್ತಿ ಎತ್ತಿ ಇಳಿಸುವುದು. ಮೂಳೆ ತಾನಾಗಿ ಕೂಡುತ್ತದೆ, ಬಿಗಿದ ಬೆರಳು ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಗಂಟು ಹಾಕುವ ಕೈಗೆ ಅದೇ ದೊಡ್ಡ ನಷ್ಟ. ನೋವು ಇಳಿಯುವ ಬದಲು ಏರುತ್ತಾ ಹೋದರೆ, ಬೆರಳು ನೀಲಿಯಾದರೆ, ಪ್ಲಾಸ್ಟರ್ ಹಿಂಡಿದ ಹಾಗಾದರೆ ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು, ಬೆಳಗಾಗಲಿ ಅಂತ ಕಾಯಬಾರದು.

ಪ್ಲಾಸ್ಟರ್ ಇರುವವರೆಗೆ ನೀರಿಗೆ ಇಳಿಯಬಾರದು. ಫೈಬರ್‌ಗ್ಲಾಸ್ ಪ್ಲಾಸ್ಟರ್ ನೀರಿಗೆ ಕರಗದು ಅನ್ನುತ್ತಾರೆ, ನಿಜ. ಆದರೆ ಒಳಗಿನ ಹತ್ತಿ ಪದರ ನೀರು ಕುಡಿದು ವಾರಗಟ್ಟಲೆ ಒಣಗದೆ ಚರ್ಮ ಕೊಳೆಸುತ್ತದೆ. ಪ್ಲಾಸ್ಟಿಕ್ ಚೀಲ ಸ್ನಾನಕ್ಕೆ ಸರಿ, ಹೊಳೆಗೆ ಸಾಲದು. ಅದಕ್ಕಿಂತ ದೊಡ್ಡ ಮಾತು, ಒಂದೇ ಕೈಯಲ್ಲಿ ಕೋಲೂ ಊರುಗೋಲೂ ಹಿಡಿಯಲಾಗುವುದಿಲ್ಲ. ಎರಡನೇ ಸಲ ಬಿದ್ದರೆ ಪೆಟ್ಟು ಅದೇ ಜಾಗಕ್ಕೆ. ನಾನು ಆರಿಸಿಕೊಂಡದ್ದು ಅದೇ ಹೊಳೆಯ ಫಿಷರ್‌ಮನ್ಸ್ ಪ್ಯಾರಡೈಸ್ ಎಂಬ ಪಟ್ಟಿ. 1934ರಲ್ಲಿ ಶುರುವಾದ ಜಾಗ, ಫ್ಲೈ ಮಾತ್ರ, ಹಿಡಿದ ಮೀನನ್ನು ಬಿಡಲೇಬೇಕು. ಅಲ್ಲಿ ನೀರಿಗಿಳಿಯುವುದೇ ನಿಷಿದ್ಧ, ಎಲ್ಲರೂ ದಡದಿಂದಲೇ ಹಾಕುತ್ತಾರೆ. ನಿಮ್ಮ ಸುತ್ತಮುತ್ತ ಇಂಥ ಸಮತಟ್ಟು ದಡ ಯಾವುದಿದೆ ಅಂತ ಮೊದಲೇ ಹುಡುಕಿಟ್ಟುಕೊಳ್ಳಿ.

ಎಡಗೈ ಬೀಸನ್ನು ಎರಡನೇ ವಾರದಿಂದ ಹುಲ್ಲಿನ ಮೇಲೆ ಶುರು ಮಾಡಿದೆ. ಎಂಟೂವರೆ ಅಡಿಯ 4ನೇ ನಂಬರಿನ ಮೆತ್ತಗಿನ ಕೋಲು, ಲೈನಿನ ಕೊನೆಗೆ ಕಟ್ಟುವ ತೆಳು ದಾರ, ಅಂದರೆ ಲೀಡರ್, 9 ಅಡಿ, ಅದರ ತುದಿಯಲ್ಲಿ ಕೊಕ್ಕೆಯ ಬದಲು 2 ಸೆಂಟಿಮೀಟರ್ ಕೆಂಪು ಉಲ್ಲನ್. ಕೋಲಿನ ತುದಿಯಿಂದ ಆಚೆಗೆ 6 ಮೀಟರ್ ಲೈನ್, ಅಷ್ಟೇ. ದಿನಕ್ಕೆ 15 ನಿಮಿಷ. ಹೆಚ್ಚು ಮಾಡಿದರೆ ರೂಢಿಯಿಲ್ಲದ ಎಡ ಮೊಣಕೈ ನೋಯುತ್ತದೆ, ಆಗ ಎರಡೂ ಕೈ ಹೋದ ಹಾಗೆ. ಮೊದಲ ಮೂರು ದಿನ ಕೋಲನ್ನು ನೆಲಕ್ಕೆ ಸಮಾನಾಂತರವಾಗಿ ಅಡ್ಡ ಬೀಸಿ, ಆಗ ಹಿಂದಿನ ಸುರುಳಿಯೂ ಮುಂದಿನ ಸುರುಳಿಯೂ ಕಣ್ಣಿಗೆ ಕಾಣುತ್ತವೆ. ಆಮೇಲೆ ದಿನ ದಿನ ಮೇಲೆತ್ತುತ್ತಾ ಬನ್ನಿ. ಎಡ ಮಣಿಕಟ್ಟು ಹಿಂದಕ್ಕೆ ಬಾಗಿದರೆ ಕೋಲಿನ ತುದಿ ಕೆಳಗಿಳಿದು ಲೈನ್ ಹಿಂದಿನ ಹುಲ್ಲಿಗೆ ಬಡಿಯುತ್ತದೆ. ಅದಕ್ಕೆ ಕೋಲಿನ ಬುಡವನ್ನು ಅಂಗಿಯ ತೋಳಿನೊಳಗೆ ಸಿಕ್ಕಿಸುವ ಹಳೇ ಉಪಾಯ ಇವತ್ತಿಗೂ ಚೆನ್ನಾಗಿ ನಡೆಯುತ್ತದೆ. ಇನ್ನೊಂದು ತಪ್ಪು ಅವಸರ. ಹಿಂದಿನ ಲೈನ್ ಪೂರ್ತಿ ಬಿಚ್ಚಿಕೊಳ್ಳುವ ಮೊದಲೇ ಮುಂದೆ ಎಳೆದರೆ ಚಾಟಿಯ ಹಾಗೆ ಚಟೀರ್ ಅನ್ನುತ್ತದೆ, ಹೊಳೆಯಲ್ಲಾಗಿದ್ದರೆ ಫ್ಲೈ ಅಲ್ಲಿಗೇ ಕಿತ್ತುಹೋಗುತ್ತದೆ.

ಪ್ಲಾಸ್ಟರ್ ಕೈಯಲ್ಲೇ ಕೋಲು ಹಿಡಿಯುವ ಆಸೆ ಬರುತ್ತದೆ, ಬೆರಳು ಹೊರಗಿವೆಯಲ್ಲ. ಬೇಡ. ಬಿಗಿಯಾಗಿ ಹಿಡಿದಾಗ ಮುಂಗೈಯ ಸ್ನಾಯುಗಳು ಮುರಿದ ಜಾಗವನ್ನು ದಾಟಿ ಎಳೆಯುತ್ತವೆ, ಹಸಿ ಮೂಳೆ ಜಾರಬಹುದು. ವೈದ್ಯರನ್ನು ಕೇಳಿಕೊಂಡು ಮೂರನೇ ವಾರದಿಂದ ಬಲಗೈ ಬೆರಳಿಗೆ ಕೊಟ್ಟ ಕೆಲಸ ಸಡಿಲ ಲೈನನ್ನು ಚಿವುಟಿ ಹಿಡಿಯುವುದು ಮಾತ್ರ. ಮೀನು ಸಿಕ್ಕಿದ ಕೂಡಲೇ ಕೋಲಿನ ಬುಡವನ್ನು ಬಲ ಕಂಕುಳಿಗೆ ಸಿಕ್ಕಿಸಿ ಎಡಗೈಯಲ್ಲಿ ರೀಲ್ ಸುತ್ತಬೇಕು. ಕಂಕುಳ ಒತ್ತಡ ಮಣಿಕಟ್ಟಿಗೆ ತಟ್ಟುವುದಿಲ್ಲ. ರೀಲಿನ ಹಿಡಿ ಮೊದಲಿಂದಲೂ ಎಡಕ್ಕೆ ಇರುವವರು ಏನನ್ನೂ ಬದಲಿಸಬೇಕಿಲ್ಲ, ಬಲಕ್ಕೆ ಇದ್ದರೆ ಮನೆಯಲ್ಲೇ ತಿರುಗಿಸಿಟ್ಟುಕೊಳ್ಳಿ.

ಆದರೆ ಆ ಆರು ವಾರ ನನ್ನನ್ನು ನಿಜವಾಗಿ ಉಳಿಸಿದ್ದು ಜಪಾನಿನ ಟೆಂಕರಾ. ಅಲ್ಲಿನ ಬೆಟ್ಟದ ಹೊಳೆಗಳಲ್ಲಿ ಯಮಾಮೆ, ಇವಾನಾ ಮೀನಿಗೆ ಬಳಸುತ್ತಾ ಬಂದ ವಿಧಾನ. ರೀಲೇ ಇಲ್ಲ, ಕೋಲಿನ ತುದಿಗೆ ಲೈನ್ ಕಟ್ಟಿರುತ್ತದೆ. ಲೈನ್ ಕೈಯ ಕೆಲಸವೇ ಇಲ್ಲದ ಗಾಳ. ನನ್ನ ಅಳತೆ: ಕೋಲು 3.6 ಮೀಟರ್, ಫ್ಲೋರೋಕಾರ್ಬನ್ ಲೈನ್ 2.7 ಮೀಟರ್, ಟಿಪ್ಪೆಟ್, ಅಂದರೆ ಫ್ಲೈ ಕಟ್ಟುವ ತುದಿಯ ಸಣ್ಣ ದಾರ, 5ಎಕ್ಸ್ ನಂಬರಿನದು, 0.15 ಮಿಲಿಮೀಟರ್ ದಪ್ಪ, 70 ಸೆಂಟಿಮೀಟರ್ ಉದ್ದ. ಎರಡು ಕೈ ಇರುವವರು ಲೈನನ್ನು ಕೋಲಿನಷ್ಟೇ ಉದ್ದ ಇಟ್ಟು, ಟಿಪ್ಪೆಟ್ ಅದಕ್ಕೆ ಸೇರಿಸಿ, ಕೊನೆಗೆ ಲೈನನ್ನು ಕೈಯಿಂದ ಹಿಡಿದು ಮೀನು ತರುತ್ತಾರೆ. ನಮಗೆ ಆ ಕೈ ಇಲ್ಲ. ಲೈನೂ ಟಿಪ್ಪೆಟ್ಟೂ ಸೇರಿ ಕೋಲಿಗಿಂತ ಒಂದು ಗೇಣು ಕಡಿಮೆ ಇದ್ದರೆ, ಕೋಲು ಎತ್ತಿದಾಗ ಮೀನು ಕಾಲ ಬಳಿಗೇ ಬರುತ್ತದೆ. 5ಎಕ್ಸ್‌ಗಿಂತ ಗಟ್ಟಿ ಟಿಪ್ಪೆಟ್ ಕಟ್ಟಬೇಡಿ. ಏನಾದರೂ ಸಿಕ್ಕಿಕೊಂಡಾಗ ಟಿಪ್ಪೆಟ್ ಹರಿಯಬೇಕು, ಕೋಲಿನ ತುದಿ ಮುರಿಯಬಾರದು. ಕಾವೇರಿಯ ಮಹಶೀರ್‌ಗೆ ಈ ಕೋಲು ತೆಗೆದುಕೊಂಡು ಹೋಗಲೇಬಾರದು. ಅದು ಹತ್ತಾರು ಮೀಟರ್ ಓಡುವ ಮೀನು, ಬಿಡಲು ಲೈನ್ ಇಲ್ಲದಿದ್ದರೆ ಕೊಕ್ಕೆ ಬಾಯಲ್ಲೇ ಉಳಿದು ಟಿಪ್ಪೆಟ್ ಹರಿದುಹೋಗುತ್ತದೆ.

ಮೀನು ಬಿಡಿಸುವುದಕ್ಕೆ ಬಲೆ ಬಿಟ್ಟೆ. ಕೊಕ್ಕೆಯ ಬಾರ್ಬನ್ನು, ಅಂದರೆ ತುದಿಯ ಹಿಮ್ಮುಳ್ಳನ್ನು, ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟು, ಮೀನು ನೀರಲ್ಲೇ ಇರುವಾಗ ಕೋಲನ್ನು ಕಂಕುಳಲ್ಲಿಟ್ಟು, ಫೋರ್ಸೆಪ್ಸನ್ನು (ಉದ್ದ ಮೂತಿಯ ಚಿಮಟ) ಟಿಪ್ಪೆಟ್ ಗುಂಟ ಜಾರಿಸಿ ಕೊಕ್ಕೆಯ ಬಾಗನ್ನು ಹಿಡಿದು ಬಂದ ದಿಕ್ಕಿಗೇ ತಿರುವಿದರೆ ಮೀನನ್ನು ಮುಟ್ಟದೆಯೇ ಬಿಡಿಸಬಹುದು. ನೀರು 20 ಡಿಗ್ರಿ ಸೆಲ್ಸಿಯಸ್ ಆದ ದಿನ ತಣ್ಣೀರಿನ ಮೀನಾದ ಟ್ರೌಟ್ ಹಿಡಿಯಬೇಡಿ. ಬಿಸಿ ನೀರಲ್ಲಿ ಆಮ್ಲಜನಕ ಕಡಿಮೆ, ಒಂಟಿ ಕೈಯವರು ಬಿಡಿಸುವಷ್ಟರಲ್ಲಿ ಮೀನು ಸುಸ್ತಾಗಿ ಸಾಯುತ್ತದೆ. ನಮ್ಮ ಗಾಯದ ಬೆಲೆಯನ್ನು ಮೀನು ತೆರಬಾರದು.

ಗಂಟಿನ ಕೆಲಸವನ್ನು ಹೊಳೆಯ ದಡದಿಂದ ಮನೆಯ ಮೇಜಿಗೆ ತಂದೆ. ಫ್ಲೈ ಕಟ್ಟುವಾಗ ಕೊಕ್ಕೆಯನ್ನು ಅಲುಗದಂತೆ ಹಿಡಿಯುವ ವೈಸಿಗೆ ಕೊಕ್ಕೆ ಸಿಕ್ಕಿಸಿ, 50 ಸೆಂಟಿಮೀಟರ್ ಟಿಪ್ಪೆಟ್ ಪೋಣಿಸಿ, ಅದನ್ನು ಫೋರ್ಸೆಪ್ಸಿಗೆ ಐದು ಸುತ್ತು ಸುತ್ತಿ, ತುದಿಯನ್ನು ಅದರ ಬಾಯಲ್ಲಿ ಹಿಡಿದು ಸುತ್ತುಗಳನ್ನು ಜಾರಿಸಿ ಎಳೆದರೆ ಗಂಟು ಬೀಳುತ್ತದೆ. ಬಿಗಿಯುವ ಮೊದಲು ನೀರು ಹಚ್ಚದಿದ್ದರೆ ಉಜ್ಜಿದ ಬಿಸಿಗೆ ನೈಲಾನ್ ಬಲ ಕಳೆದುಕೊಳ್ಳುತ್ತದೆ. ಇನ್ನೊಂದು ತುದಿಗೆ ಕುಣಿಕೆ. ಇಂಥ ಹನ್ನೆರಡು ಮಾಡಿ ಸ್ಪಂಜಿನ ಪಟ್ಟಿಗೆ ಸುತ್ತಿಟ್ಟರೆ ದಡದಲ್ಲಿ ಕುಣಿಕೆಯೊಳಗೆ ಕುಣಿಕೆ ಹಾಕುವುದಷ್ಟೇ ಉಳಿಯುತ್ತದೆ. ಹಲ್ಲಿನಿಂದ ನೈಲಾನ್ ಕಡಿಯುವ ಚಾಳಿ ಇದ್ದರೆ ಬಿಡಿ. ಕುತ್ತಿಗೆಗೆ ಉಗುರು ಕತ್ತರಿ ನೇತುಹಾಕಿಕೊಂಡರೆ ಸಾಕು.

ಒಂಟಿ ಕೈಯಲ್ಲಿ ಕಟ್ಟಲು ಕಿಲ್ಲರ್ ಬಗ್‌ನಷ್ಟು ಸುಲಭದ ಫ್ಲೈ ಇನ್ನೊಂದಿಲ್ಲ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ಮಾಡಿದ್ದು. ತಾಮ್ರದ ಸಣ್ಣ ತಂತಿ, ಕಂದು ಉಲ್ಲನ್, ಅಷ್ಟೇ, ಗರಿಯೇ ಇಲ್ಲ. 14ನೇ ನಂಬರ್ ಕೊಕ್ಕೆಗೆ ತಂತಿ ಒತ್ತಾಗಿ ಸುತ್ತಿ, ಮೇಲೆ ಉಲ್ಲನ್ ಎರಡು ಪದರ, ಕೊನೆಗೆ ಅದೇ ತಂತಿಯಿಂದ ಬಿಗಿ. ಮುಗಿಸುವ ಗಂಟಿಗೆ ಖಾಲಿ ಬಾಲ್‌ಪೆನ್ನಿನ ತುದಿಗೆ ತಂತಿ ಒಂದು ಸುತ್ತು ಹಾಕಿ, ಪೆನ್ನನ್ನು ಕೊಕ್ಕೆಯ ಕಣ್ಣಿಗೆ ತಾಗಿಸಿ ಜಾರಿಸಿ. ಮೂರು ಸಲ ಹಾಗೆ ಮಾಡಿ ಒಂದು ಹನಿ ವಾರ್ನಿಷ್. ವೈಸ್ ಮೇಜಿಗೆ ಸ್ಕ್ರೂ ಹಾಕಿ ಬಿಗಿಯುವಂಥದ್ದಾಗಿರಲಿ, ಭಾರದ ಪೀಠದ್ದು ಒಂಟಿ ಕೈ ಎಳೆತಕ್ಕೆ ಸರಿಯುತ್ತದೆ.

ಪ್ಲಾಸ್ಟರ್ ಬಿಚ್ಚಿದ ದಿನ ಮಣಿಕಟ್ಟು ಮರದ ತುಂಡಿನ ಹಾಗಿರುತ್ತದೆ. ನನಗೆ ಕೊನೆಗೆ ಮರಳಿದ್ದು ಅಂಗೈಯನ್ನು ಮೇಲ್ಮುಖ ಮಾಡುವ ತಿರುವು. ಮೊಣಕೈಯನ್ನು ಪಕ್ಕೆಗೆ ಒತ್ತಿಕೊಂಡು, ಸಣ್ಣ ಸುತ್ತಿಗೆಯ ಹಿಡಿಯನ್ನು ತಲೆಯ ಹತ್ತಿರವೇ ಹಿಡಿದು ನಿಧಾನವಾಗಿ ಎರಡೂ ಕಡೆ ವಾಲಿಸುವುದು ದಿನಕ್ಕೆ ಮೂರು ಹೊತ್ತು. ಸಲೀಸಾದ ಹಾಗೆ ಹಿಡಿ ಸ್ವಲ್ಪ ಸ್ವಲ್ಪ ಕೆಳಗೆ ಸರಿಸಿದರೆ ಭಾರ ತಾನಾಗಿ ಹೆಚ್ಚುತ್ತದೆ. ಎಂಟನೇ ವಾರ, ಎಕ್ಸ್‌ರೇ ನೋಡಿ ವೈದ್ಯರು ಒಪ್ಪಿದ ಮೇಲೆ, ಬಲಗೈಗೆ 4ನೇ ನಂಬರ್ ಕೋಲು, ಒಮ್ಮೆಗೆ 10 ನಿಮಿಷ. ಕಾರ್ಕ್ ಹಿಡಿಗೆ ಟೆನಿಸ್ ರ‍್ಯಾಕೆಟ್ಟಿನ ಟೇಪ್ ಎರಡು ಪದರ ಸುತ್ತಿದರೆ ಅಷ್ಟು ಗಟ್ಟಿ ಅದುಮಬೇಕಾಗಿಲ್ಲ. ಹೆಬ್ಬೆರಳ ಬದಲು ತೋರುಬೆರಳನ್ನು ಹಿಡಿಯ ಮೇಲೆ ಚಾಚಿದರೆ ಹೆಬ್ಬೆರಳ ಬುಡದ ನೋವೂ ಕಡಿಮೆ. ಲೈನನ್ನು ಜಗ್ಗಿ ವೇಗ ಕೊಡುವ ಡಬಲ್ ಹಾಲ್ ಹನ್ನೆರಡನೇ ವಾರದವರೆಗೆ ಇಲ್ಲ. ನೀರಿಗಿಳಿದದ್ದೂ ಆಗಲೇ, ಎಡಗೈಯಲ್ಲಿ ಊರುಗೋಲು, ಮೊಣಕಾಲಿಗಿಂತ ಆಳಕ್ಕೆ ಹೋಗದೆ. ಟೆಂಕರಾ ಕೋಲಿನಲ್ಲಿ ಲೈನ್ ಇನ್ನೂ ಕಟ್ಟೇ ಇದೆ, ಅಳತೆ ಅದೇ, ಕೋಲಿಗಿಂತ ಒಂದು ಗೇಣು ಕಡಿಮೆ.