ಬುಧನ ಕುಳಿಗೆ ಹೆಸರು ಸೂಚಿಸುವ ಮುನ್ನ

ಮೊದಲು ಕುಳಿ, ಆಮೇಲೆ ಹೆಸರು. ತಿದ್ದಲು ನನ್ನ ಕೈಗೆ ಬರುವ ಅರ್ಜಿಗಳಲ್ಲಿ ಹೆಚ್ಚಿನವು ಈ ಕ್ರಮವನ್ನು ತಲೆಕೆಳಗು ಮಾಡಿರುತ್ತವೆ: ಮೆಚ್ಚಿನ ಕವಿಯ ಬಗ್ಗೆ ಎರಡು ಪುಟ, ಕುಳಿಯ ಬಗ್ಗೆ ಒಂದೇ ಸಾಲು. ಕವಿಯ ಪುಟಗಳಿಗೆ ನಾನು ನಿರ್ದಾಕ್ಷಿಣ್ಯವಾಗಿ ಕತ್ತರಿ ಹಾಕುತ್ತೇನೆ. ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಹೆಸರಿಡುವುದು ವಿಜ್ಞಾನಿಗಳಿಗೆ ಆ ಜಾಗವನ್ನು ಗುರುತಿಸಿ ಬರೆಯುವ ಅಗತ್ಯ ಬಿದ್ದಾಗ ಮಾತ್ರ. ಆದ್ದರಿಂದ ಅಕ್ಷಾಂಶ, ರೇಖಾಂಶ, ವ್ಯಾಸ, ಸ್ಪಷ್ಟವಾದ ಚಿತ್ರ, ಈ ಕುಳಿ ಯಾವ ಅಧ್ಯಯನಕ್ಕೆ ಬೇಕು ಎಂಬ ವಿವರ ಮೊದಲು ಬರಲಿ. 100 ಮೀಟರಿಗಿಂತ ಚಿಕ್ಕದಾಗಿದ್ದರೆ ಸಾಮಾನ್ಯವಾಗಿ ಹೆಸರು ಸಿಗುವುದಿಲ್ಲ.

ಗ್ರಹಕ್ಕೊಂದು ನಿಯಮವಿದೆ. ಶುಕ್ರನ ಕುಳಿಗಳಿಗೆ ಸ್ತ್ರೀಯರ ಹೆಸರು. ಮಂಗಳದ ಸಣ್ಣ ಕುಳಿಗಳಿಗೆ ಭೂಮಿಯ ಸಣ್ಣ ಊರುಗಳ ಹೆಸರು. ಬುಧ ಕಲಾವಿದರು, ಸಾಹಿತಿಗಳು, ಸಂಗೀತಗಾರರ ಪಾಲು. ವ್ಯಕ್ತಿ ತೀರಿಕೊಂಡು ಕನಿಷ್ಠ 3 ವರ್ಷವಾಗಿರಬೇಕು. ಕಲಾಕ್ಷೇತ್ರದಲ್ಲಿ ಅವರ ಮಹತ್ವಕ್ಕೆ 50 ವರ್ಷಗಳಿಗೂ ಮೀರಿದ ಮನ್ನಣೆ ಇರಬೇಕು. ಈ 50ನ್ನು ಸಾವಿನಿಂದ ಎಣಿಸಿ, ಅರ್ಹರನ್ನೇ ಕೈಬಿಡುವವರಿದ್ದಾರೆ. ಛಾಯಾಗ್ರಾಹಕ ಯೂಸುಫ್ ಕಾರ್ಶ್ ತೀರಿಕೊಂಡದ್ದು 2002ರಲ್ಲಿ, ಕುಳಿಗೆ ಅವರ ಹೆಸರು ಬಂದದ್ದು 2015ರಲ್ಲಿ. ಅವರು ತೆಗೆದ ಚರ್ಚಿಲ್ ಭಾವಚಿತ್ರ 1941ರದ್ದು. ಲೆಕ್ಕ ಅಲ್ಲಿಂದ ನೋಡಬೇಕು.

ಹೆಸರು ಈಗಾಗಲೇ ಬಳಕೆಯಲ್ಲಿದೆಯೇ ಎಂದು ಒಕ್ಕೂಟದ ಅಧಿಕೃತ ನಾಮಾವಳಿಯಲ್ಲಿ ಹುಡುಕಿ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆ ನಿರ್ವಹಿಸುವ ಈ ಪಟ್ಟಿ ಎಲ್ಲರಿಗೂ ತೆರೆದಿದೆ. ಒಂದೇ ಕಾಗುಣಿತದಲ್ಲಿ ಹುಡುಕಿ ಸುಮ್ಮನಾಗಬೇಡಿ: ವಾಲ್ಮೀಕಿ, ಕಾಳಿದಾಸ, ತ್ಯಾಗರಾಜ ಸುಲಭವಾಗಿ ಸಿಗುತ್ತಾರೆ, ರವೀಂದ್ರನಾಥರು ಮಾತ್ರ ಟಾಗೋರ್ ಆಗಿ ಅಲ್ಲ, ಠಾಕುರ್ ಆಗಿ ಅಲ್ಲಿದ್ದಾರೆ. ರಾಜಕೀಯ, ಸೇನೆ, ಧರ್ಮದ ನಂಟಿನ ಹೆಸರುಗಳನ್ನು ಬಿಡಿ. 19ನೇ ಶತಮಾನಕ್ಕಿಂತ ಹಿಂದಿನ ರಾಜಕೀಯ ವ್ಯಕ್ತಿಗಳಿಗಷ್ಟೇ ವಿನಾಯಿತಿ. ಆಧಾರವಾಗಿ ಪ್ರಮಾಣಭೂತ ಗ್ರಂಥಗಳನ್ನು ಕೊಡಿ; ವಿಕಿಪೀಡಿಯ ಸಾಲದು.

ನಾಮಾವಳಿಯ ಜಾಲತಾಣದಲ್ಲೇ ಅರ್ಜಿ ನಮೂನೆ ಇದೆ. ಪರಿಶೀಲನೆಯ ನಂತರ ಒಕ್ಕೂಟದ ನಾಮಕರಣ ಕಾರ್ಯತಂಡ ಮತ ಹಾಕುತ್ತದೆ. ಒಪ್ಪಿಗೆಯಾದ ಹೆಸರು ಕೂಡಲೇ ಪಟ್ಟಿ ಸೇರುತ್ತದೆ. ಗಂಭೀರ ಆಕ್ಷೇಪವಿದ್ದವರಿಗೆ 3 ತಿಂಗಳ ಅವಕಾಶ. ದುಡ್ಡು ಪಡೆದು ಕುಳಿಗೆ ನಿಮ್ಮ ಹೆಸರಿಡುತ್ತೇವೆ ಎನ್ನುವವರು ಕೊಡುವ ಪ್ರಮಾಣಪತ್ರಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.