ನೆಲ್ಲಿನ ಲೆಕ್ಕದಲ್ಲಿ ನ್ಯೂರಲ್ ನೆಟ್‌ವರ್ಕ್: ನೋಟ್‌ಬುಕ್ಕಿನಲ್ಲೇ ಕಲಿಸಿ ನೋಡಿ

ಗಂಗಾವತಿ ಕಡೆ ರೈಸ್ ಮಿಲ್ಲಿನಲ್ಲಿ ಹತ್ತು ವರ್ಷ ಕೂತವರು ನೆಲ್ಲಿನ ಲೋಡು ನೋಡಿದ ಕೂಡಲೇ ಅಕ್ಕಿ ಇಷ್ಟು ಬೀಳುತ್ತದೆ ಅಂದುಬಿಡುತ್ತಾರೆ. ಈ ಅಂದಾಜನ್ನು ಕಂಪ್ಯೂಟರಿಗೂ ಕಲಿಸಬಹುದು. ಒಂದೇ ನ್ಯೂರಾನ್ ಸಾಕು, ಅಂದರೆ ನ್ಯೂರಲ್ ನೆಟ್‌ವರ್ಕ್ ಕಟ್ಟುವ ಪುಟ್ಟ ಲೆಕ್ಕದ ತುಂಡು ಒಂದೇ. ಮೊದಲು ಪೆನ್ನು ಹಿಡಿದು ಕೂತುಕೊಳ್ಳಿ, ಕಂಪ್ಯೂಟರ್ ಆಮೇಲೆ.

ಸೂತ್ರ ಇಷ್ಟೇ: ಅಕ್ಕಿ = ವೇಯ್ಟ್ × ನೆಲ್ಲು. ಈ ವೇಯ್ಟ್ ಕಾಟಾದ ತೂಕ ಅಲ್ಲ, ಗುಣಿಸುವ ಸಂಖ್ಯೆ. ಅದು ಎಷ್ಟೋ ಗೊತ್ತಿಲ್ಲ. ಸುಮ್ನೆ 0.5 ಅಂತ ಶುರು ಮಾಡೋಣ.

ಮೊದಲ ಚೀಟಿ, ಅಂದರೆ ಒಂದು ಲೋಡಿನ ನೆಲ್ಲು-ಅಕ್ಕಿ ಲೆಕ್ಕ (ಸುಲಭವಾಗಲಿ ಅಂತ ನಾನೇ ಬರೆದ ಅಂಕಿ): ನೆಲ್ಲು 2 ಕ್ವಿಂಟಲ್, ಬಂದ ಅಕ್ಕಿ 1.3. ನಮ್ಮ ಅಂದಾಜು 1. ತಪ್ಪು 0.3. ಈ ತಪ್ಪನ್ನು ನೆಲ್ಲಿನಿಂದ ಗುಣಿಸಿ, ಅದರ ಹತ್ತನೇ ಒಂದು ಪಾಲು ಮಾತ್ರ ವೇಯ್ಟಿಗೆ ಕೂಡಿಸಿ: 0.1 × 0.3 × 2 = 0.06. ಹೊಸ ವೇಯ್ಟ್ 0.56. ಎರಡನೇ ಚೀಟಿ: ನೆಲ್ಲು 3, ಅಕ್ಕಿ 2. ಅಂದಾಜು 1.68, ತಪ್ಪು 0.32. ವೇಯ್ಟ್ 0.656 ಆಯಿತು. ಮೂರನೇದು: ನೆಲ್ಲು 1, ಅಕ್ಕಿ 0.65. ಈ ಸಲ ತಪ್ಪು ಮೈನಸ್ 0.006. ವೇಯ್ಟ್ ಕೂದಲೆಳೆಯಷ್ಟು ಇಳಿಯಿತು. ಏರಬೇಕೋ ಇಳಿಯಬೇಕೋ ಅಂತ ತಪ್ಪೇ ಹೇಳುತ್ತದೆ, ಅಲ್ವಾ?

ತಪ್ಪಿನ ವರ್ಗವನ್ನು (ತಪ್ಪು × ತಪ್ಪು) ಚೂರು ಚೂರೇ ಇಳಿಸುವ ಈ ಉಪಾಯವನ್ನು 1960ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಬರ್ನಾರ್ಡ್ ವಿಡ್ರೋ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ ಕೊಟ್ಟರು. ಯಂತ್ರದ ಹೆಸರು ಅಡಲೈನ್. ಇದೇ ಹಾಫ್ ಮುಂದೆ ಇಂಟೆಲ್ ಸೇರಿ, 1971ರ 4004 ಮೈಕ್ರೊಪ್ರೊಸೆಸರ್ ರೂಪಿಸಿದವರಲ್ಲಿ ಒಬ್ಬರಾದರು.

ಕೈ ಕೊಡುವುದು ಆ 0.1. ಅದನ್ನು ಕಲಿಕೆಯ ದರ ಅನ್ನುತ್ತಾರೆ. ಒಮ್ಮೆ ನಾನು ಕ್ವಿಂಟಲ್ ಬಿಟ್ಟು ಕೆ.ಜಿ.ಯಲ್ಲಿ 200, 130 ಅಂತ ಹಾಕಿದೆ. ತಪ್ಪು 30. 0.1 × 30 × 200 ಅಂದರೆ 600. ವೇಯ್ಟ್ 600.5! ಒಂದು ಕೆ.ಜಿ. ನೆಲ್ಲಿಗೆ ಆರು ಕ್ವಿಂಟಲ್ ಅಕ್ಕಿ. ಅಂಥ ಮಿಲ್ಲು ಸಿಕ್ಕರೆ ನನಗೂ ಹೇಳಿ. ಮುಂದಿನ ಚೀಟಿಗೆ ಅದೇ ವೇಯ್ಟ್ ಮೈನಸ್ 53 ಲಕ್ಷ ದಾಟಿತು. ದರವನ್ನು 0.00001 ಮಾಡಿದ ಮೇಲೆ ಕ್ವಿಂಟಲ್ ಲೆಕ್ಕದಲ್ಲಿ ಬಂದ ಉತ್ತರವೇ ಬಂತು.

ತೇವಾಂಶವನ್ನೂ ಸೇರಿಸಬೇಕಾ? ಅದಕ್ಕೊಂದು ಬೇರೆ ವೇಯ್ಟ್ ಕೊಟ್ಟು, ಗುಣಿಸಿ ಬಂದದ್ದನ್ನು ಅಂದಾಜಿಗೆ ಕೂಡಿಸಿ. ಆ ವೇಯ್ಟ್ ತಿದ್ದುವಾಗ ತಪ್ಪು ಅದೇ, ಗುಣಿಸುವುದು ಮಾತ್ರ ತೇವಾಂಶದಿಂದ.

ಇನ್ನು ನಿಜವಾದ ಚೀಟಿ ಹಿಡಿಯಿರಿ. ಹತ್ತು ಚೀಟಿ ಬದಿಗಿಡಿ, ಕಲಿಸುವಾಗ ತೋರಿಸಬೇಡಿ. ಉಳಿದವನ್ನು ಮತ್ತೆ ಮತ್ತೆ ಓಡಿಸಿ. ಬದಿಗಿಟ್ಟ ಹತ್ತರಲ್ಲಿ ತಪ್ಪು ಇಳಿಯುವುದು ನಿಂತಾಗ ನೀವೂ ನಿಲ್ಲಿಸಿ.